ಕೋಟೆಯ ವಂಶಾವಳಿಯಲ್ಲಿ ಬಿಟ್ಟುಹೋದ ಹೆಸರು

ಜೂನ್ ತಿಂಗಳ ಒಂದು ಮುಂಜಾನೆ, ಖಾನಾಪುರದ ಸಬ್ ರಜಿಸ್ಟ್ರಾರ್ ಕಚೇರಿಯ ಎದುರಿನ ನನ್ನ ತಗಡಿನ ಶೆಡ್ಡಿಗೆ ಬೆಳಗಾವಿಯ ಸಾಹುಕಾರರೊಬ್ಬರು ಬಂದರು. ಕೊಡೆಯ ನೀರನ್ನು ನನ್ನ ಸ್ಟಾಂಪ್ ಪೇಪರುಗಳ ಮೇಲೆಯೇ ಝಾಡಿಸಿ, ಒಂದು ಇಂಗ್ಲಿಷ್ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟರು. ಮುಖಪುಟದಲ್ಲಿ ಸಮುದ್ರದ ದಂಡೆಯ ಗುಡ್ಡ, ಗುಡ್ಡದ ಮೇಲೆ ಕಪ್ಪು ಕಲ್ಲಿನ ಕೋಟೆ. ಸ್ಕಾಟ್ಲೆಂಡಿನದಂತೆ.

"ರೈಟರ್ ಸಾಹೇಬ್ರ, ಇದರ ಇತಿಹಾಸ ಕನ್ನಡದಾಗ ಬರದು ಕೊಡ್ರಿ," ಅಂದರು.

ನಾನು ಬಾಂಡ್ ರೈಟರ್. ಖರೇದಿ ಪತ್ರ, ಪಾಲು ಹಂಚುವ ವಾಟ್ನಿ ಪತ್ರ, ಹಕ್ಕು ಬಿಡುಗಡೆ ಪತ್ರ, ಹೀಗೆ ಹೊಲ ಮನೆಗಳು ಯಾರಿಂದ ಯಾರಿಗೆ ಹೋದವು ಎಂದು ಬರೆಯುವುದು ನನ್ನ ಕಸುಬು. ಕೋಟೆ ನನ್ನ ಬಾಬತ್ತಲ್ಲ. ಹಾಗೆಂದು ಹೇಳಿದೆ. ಸಾಹುಕಾರರು ಕೇಳಲಿಲ್ಲ. ಅವರು ಖಾನಾಪುರ ರಸ್ತೆಯಲ್ಲಿ ಮದುವೆಗಳಿಗೆಂದು ಒಂದು ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದರು. ಆ ಜಾಗದ ಖರೇದಿ ಪತ್ರ ಬರೆದವನು ನಾನೇ. ಹೋದ ವರ್ಷ ಹೆಂಡತಿಯ ಜೊತೆ ಟೂರ್ ಹೋದಾಗ ಬಸ್ಸು ಈ ಕೋಟೆಯ ಮುಂದೆ ಒಂದು ತಾಸು ನಿಂತಿತ್ತಂತೆ. ಅದರಲ್ಲಿ ಮುಕ್ಕಾಲು ತಾಸು ಚಹಾ ಹುಡುಕುವುದರಲ್ಲಿ ಹೋಯಿತು. ಉಳಿದ ಕಾಲು ತಾಸಿನಲ್ಲಿ ಅವರು ಕೋಟೆಗೆ ಮನಸೋತು, ತಮ್ಮ ಕಾರ್ಯಾಲಯ ಹಿಂಗೇ ಇರಬೇಕು ಎಂದು ನಿಶ್ಚಯಿಸಿಬಿಟ್ಟರು. ಈಗ ಗೋಪುರಗಳು ಎದ್ದಿದ್ದವು. ಬಾಗಿಲ ಪಕ್ಕ ಒಂದು ದೊಡ್ಡ ಗ್ರಾನೈಟ್ ಫಲಕದ ಮೇಲೆ ಮೂಲ ಕೋಟೆಯ ಇತಿಹಾಸ ಕೆತ್ತಿಸುವುದೊಂದು ಬಾಕಿ.

"ನಿವೃತ್ತ ಪ್ರೊಫೆಸರೊಬ್ಬರ ಕಡೆ ಮೊದಲ ಬರಸಿದ್ದೆ," ಅಂದರು. "ಮೂರು ಪಾನು ಓದಿದೆ, ಅದರಾಗ ಇನ್ನೂ ಸೂರ್ಯ ಹುಟ್ಟಾಕತ್ತಿದ್ದ. ನೀವು ಬರದದ್ದು ಇಷ್ಟು ವರ್ಷದಾಗ ಒಂದೂ ಕೋರ್ಟಿನ್ಯಾಗ ಬಿದ್ದಿಲ್ಲ. ನನಗ ಅಂಥಾ ಇತಿಹಾಸ ಬೇಕು."

ಹೊಗಳಿಕೆಗೆ ಬೀಳದವನು ಯಾರು? ಶ್ರಾವಣದಲ್ಲಿ ಉದ್ಘಾಟನೆ, ನಾಗರಪಂಚಮಿಗೆ ಹದಿನೈದು ದಿನ ಮೊದಲು ಬರಹ ಕೈಗೆ ಬರಬೇಕು ಎಂಬ ಕರಾರಿಗೆ ಒಪ್ಪಿದೆ.

ನನ್ನ ಬಾಜುವಿನ ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷದಿಂದ ಟೈಪ್ ಮಾಡುವ ಅಕ್ಕಾರು ಇದ್ದಾರೆ. ನಲವತ್ತರ ಆಸುಪಾಸು, ಖಾನಾಪುರದಲ್ಲೇ ಗಂಡನ ಮನೆ, ಮಲಪ್ರಭೆಯ ಆಚೆ ದಂಡೆಯ ಹಳ್ಳಿಯಲ್ಲಿ ತವರು. ಇಂಗ್ಲಿಷು ನನಗಿಂತ ಅವರಿಗೆ ಚೆನ್ನಾಗಿ ಬರುತ್ತದೆ. ಈ ಮಾತನ್ನು ನಾನು ಅವರ ಮುಂದೆ ಎಂದೂ ಹೇಳಿಲ್ಲ. ಅವರು ಓದಿ ಅರ್ಥ ಹೇಳುವುದು, ನಾನು ಬರೆಯುವುದು ಎಂದು ಕೆಲಸ ಹಂಚಿಕೊಂಡೆವು.

ಯಾವ ಪತ್ರಕ್ಕೂ ಮೊದಲು ನಾನು ವಂಶಾವಳಿ ಬರೆಯುತ್ತೇನೆ. ಮೂಲಪುರುಷ ಮೇಲೆ, ಕೆಳಗೆ ಮಕ್ಕಳು ಮೊಮ್ಮಕ್ಕಳು, ಸತ್ತವರ ಮುಂದೆ 'ಮೃತ', ಹೆಣ್ಣುಮಕ್ಕಳ ಮುಂದೆ ಕೊಟ್ಟ ಊರು. ಒಬ್ಬರನ್ನು ಬಿಟ್ಟರೂ ಮುಂದೊಂದು ದಿನ ಆ ಒಬ್ಬರೇ ವಕೀಲರ ಸಮೇತ ಬರುತ್ತಾರೆ. ಕೋಟೆಗೂ ಅದೇ ಪದ್ಧತಿ ಹಿಡಿದೆ. ಮೂರು ತಲೆಮಾರು ಯಜಮಾನರೆಲ್ಲರ ಹೆಸರೂ ಜೇಮ್ಸ್. ಮುದುಕ ಜೇಮ್ಸ್, ನಡು ಜೇಮ್ಸ್, ಸಣ್ಣ ಜೇಮ್ಸ್ ಎಂದು ಗುರುತು ಹಾಕಿಕೊಂಡೆ. ಎಲ್ಲರ ಮುಂದೆಯೂ 'ಮೃತ'. ಇಷ್ಟು ನೆಮ್ಮದಿಯ ಕುಟುಂಬವನ್ನು ನಾನು ಕಂಡಿರಲಿಲ್ಲ. ಸಹಿ ಮಾಡಲಿಕ್ಕೆ ಒಬ್ಬರನ್ನೂ ಕರೆಸಬೇಕಾಗಿಲ್ಲ.

ಆಮೇಲೆ ಚತುಃಸೀಮೆ. ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಪುಸ್ತಿಕೆಯ ನಕಾಶೆ ನೋಡಿ ಬರೆದೆ: "ಸದರಿ ಕೋಟೆಗೆ ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ವೈರಿಯ ಹೊಲ, ಉತ್ತರಕ್ಕೆ ಕುರಿ ಮೇಯುವ ಗುಡ್ಡ, ದಕ್ಷಿಣಕ್ಕೆ ಸಾರ್ವಜನಿಕ ಹಾದಿ." ಬಾಗಿಲಿಗೆ ಮೇಲಿಂದ ಕೆಳಗೆ ಇಳಿಯುವ ಕಬ್ಬಿಣದ ಜಾಲರಿಯೊಂದಿತ್ತು. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಎರಡು ದಿನ ತಲೆ ಕೆರೆದುಕೊಂಡೆವು.

"ಶಟರ್ ಅಲ್ಲೇನ್ರಿ ಸರ್ರ?" ಅಂದರು ಅಕ್ಕಾರು. ಎದುರಿನ ಝೆರಾಕ್ಸ್ ಅಂಗಡಿಯವನು ಅದೇ ಹೊತ್ತಿಗೆ ಅದನ್ನು ಎಳೆಯುತ್ತಿದ್ದ. ಶಟರ್ ಎಂದೇ ಬರೆದೆ.

ಇನ್ನು ಕೋಟೆಯ ಕಥೆ. ಮುದುಕ ಜೇಮ್ಸ್ ರಾಜನ ಅಪ್ಪಣೆ ಪಡೆದು ನಾಲ್ಕು ಅಂತಸ್ತಿನ ಕಲ್ಲಿನ ಗೋಪುರ ಕಟ್ಟಿಸಿದ. ಪಶ್ಚಿಮದ ಹೊಲದ ವೈರಿಗೂ ಇವರಿಗೂ ದನದ ಕಳವಿನ ಜಗಳ. ಒಮ್ಮೆ ಕೋಟೆ ಸುಟ್ಟಿತು, ಮತ್ತೆ ಕಟ್ಟಿದರು. ನಡು ಜೇಮ್ಸ್ ಎಲ್ಲ ಗಂಡಸರನ್ನೂ ಕರೆದುಕೊಂಡು ರಾಜನ ಯುದ್ಧಕ್ಕೆ ಹೋದಾಗ ವೈರಿ ಬಂದು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಉಳಿದವರು ನಡು ಜೇಮ್ಸನ ಅಕ್ಕ ಮಾರ್ಗರೆಟ್, ಅಡುಗೆಯ ಹೆಂಗಸರು ಮತ್ತು ಕಣ್ಣು ಕಾಣದ ಒಬ್ಬ ಮುದಿ ಕಾವಲುಗಾರ.

"ಈ ಅಕ್ಕ ಏನ್ ಮಾಡ್ಯಾಳ ನೋಡ್ರಿ," ಅಂದರು ಅಕ್ಕಾರು, ಪುಸ್ತಿಕೆಯಿಂದ ಕಣ್ಣು ತೆಗೆಯದೆ. "ಪೆಟ್ಟಿಗಿಯೊಳಗಿನ ಗಂಡಸರ ಅಂಗಿ ಎಲ್ಲಾ ತಗದು, ದಿನಾ ಒಗದು, ಗ್ವಾಡಿ ಮ್ಯಾಲ ಒಣಗಹಾಕ್ಯಾಳ. ಇವತ್ತ ಒಂದ ಬಣ್ಣದ್ದು, ನಾಳೆ ಒಂದ ಬಣ್ಣದ್ದು. ಹೊರಗಿನವ ಅಂಗಿ ಎಣಿಸಿ, ಒಳಗ ದೊಡ್ಡ ಫೌಜ ಐತಿ ಅಂತ ಹೆದರಿ, ನಲವತ್ತ ದಿನಕ್ಕ ಹೊಳ್ಳಿ ಹ್ವಾದ."

ಇಬ್ಬರೂ ಬಹಳ ಹೊತ್ತು ನಕ್ಕೆವು. ಮುಂದಿನ ಪುಟದಲ್ಲಿ ತಮ್ಮ ಯುದ್ಧ ಮುಗಿಸಿ ಬಂದ, ದೊಡ್ಡ ಔತಣವಾಯಿತು, ಕೋಟೆ ಅವನಿಂದ ಅವನ ಮಗ ಸಣ್ಣ ಜೇಮ್ಸನಿಗೆ ಹೋಯಿತು. ಮಾರ್ಗರೆಟ್ ಬಗ್ಗೆ ಒಂದೇ ಸಾಲು. ಅವಳು ಆಮೇಲೆ ಕೋಟೆ ಬಿಟ್ಟು ಹೋದಳು ಅಂತ. ಎಲ್ಲಿಗೆ, ಯಾಕೆ, ಏನು ತೆಗೆದುಕೊಂಡು, ಒಂದೂ ಇಲ್ಲ. ಕೊನೆಯ ಪುಟದಲ್ಲಿ ಮಾತ್ರ ಮತ್ತೆ ಬರುತ್ತಾಳೆ. ಸಂಜೆ ಹೊತ್ತು ಹಸಿರು ಉಡುಪಿನ ಒಬ್ಬ ಹೆಂಗಸು ಕೈಯಲ್ಲಿ ಬೀಗದ ಕೈ ಹಿಡಿದು ಮೆಟ್ಟಿಲಿಳಿಯುತ್ತಾಳೆ, ಒಂದೊಂದೇ ಬಾಗಿಲು ಬಡಿದು ನೋಡುತ್ತಾಳೆ, ಹೋಗುತ್ತಾಳೆ. ಪ್ರವಾಸಿಗರು ಅವಳನ್ನು ನೋಡಲಿಕ್ಕೆಂದೇ ಬರುತ್ತಾರಂತೆ.

ಮೊದಲ ಕರಡು ತಯಾರಾಯಿತು. ಅದನ್ನು ತೆಗೆದುಕೊಂಡು ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದ ಸಾಹುಕಾರರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು.

"ಅಡಗಿಮನಿ ವಾಯವ್ಯಕ್ಕ ಅಂತ ಬರದೀರಿ."

"ಅಲ್ಲೇ ಐತ್ರಿ."

"ನಮ್ಮ ಕಾರ್ಯಾಲಯದಾಗ ವಾಸ್ತು ಪ್ರಕಾರ ಆಗ್ನೇಯಕ್ಕ ಐತಿ. ಇತಿಹಾಸದಾಗೂ ಆಗ್ನೇಯಕ್ಕ ಇರ್ಲಿ. ವಾಯವ್ಯಕ್ಕ ಇದ್ದದ್ದಕ್ಕ ಅವರ ಕ್ವಾಟಿ ಸುಟ್ಟಿದ್ದು."

ಮುಂದೆ ಔತಣಕ್ಕೆ ಬಂದರು. ಅಲ್ಲಿ ಇಡೀ ಎತ್ತು ಸುಟ್ಟಿದ್ದರು. ಸಾಹುಕಾರರು ಜೈನರು, ಮನೆಯಲ್ಲಿ ಈರುಳ್ಳಿ ಕೂಡ ಬರುವುದಿಲ್ಲ. "ಔತಣ ಇತ್ತು ಅಂತಷ್ಟ ಬರೀರಿ. ಏನ್ ತಿಂದ್ರು ಅನ್ನೂದು ಯಾಕ?" ಅಂದರು. ನನಗೂ ಅದು ಸರಿ ಎನಿಸಿತು. ಸತ್ತವರ ಊಟ ಕಟ್ಟಿಕೊಂಡು ನನಗೇನು? ಕೊನೆಯ ಪುಟಕ್ಕೆ ಬಂದಾಗ ಮಾತ್ರ ಅವರು ಕನ್ನಡಕವನ್ನೇ ತೆಗೆದು ಕೆಳಗಿಟ್ಟರು.

"ಲಗ್ನದ ಮನ್ಯಾಗ ದೆವ್ವಾ ಅಂತ ಕಲ್ಲಿನ್ಯಾಗ ಕೆತ್ತಸತೀರೇನು? ಹೆಣ್ಣಿನವರು ಬುಕಿಂಗ್ ಮಾಡತಾರೇನ್ರಿ? ತಗೀರಿ ಅಕಿನ್ನ. ಪೂರಾ ತಗೀರಿ."

ಅದರ ಮೇಲೆ ಇನ್ನೊಂದು ತೊಂದರೆ. ಫಲಕ ಮಾಡುವವನು ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಯಂತ್ರದಿಂದ ಮರಳು ಊದಿ ಕೊರೆಯುತ್ತಾನೆ. ಅಕ್ಷರ ಸಣ್ಣದಾದರೆ ಒತ್ತಕ್ಷರಗಳು ಉದುರಿ ಹೋಗುತ್ತವೆ. ಸ್ಕಾಟ್ಲೆಂಡಿನ ಹೆಸರುಗಳಲ್ಲಿ ಒತ್ತಕ್ಷರಕ್ಕೇನು ಬರ? ಪ್ರಯೋಗಕ್ಕೆಂದು ಕೊರೆದ ಒಂದು ತುಂಡಿನಲ್ಲಿ 'ಮಾರ್ಗರೆಟ್' ಹೋಗಿ 'ಮಾಗರೆಟ' ಉಳಿದಿತ್ತು. ಅಕ್ಷರ ದೊಡ್ಡದು ಮಾಡಬೇಕು, ಆದ್ದರಿಂದ ಇಪ್ಪತ್ತೆಂಟು ಸಾಲನ್ನು ಹತ್ತೊಂಬತ್ತಕ್ಕೆ ಇಳಿಸಿರಿ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಸಾಹುಕಾರರು ಅಡುಗೆಮನೆಗೆ ಒಂದು ಸಾಲು ಹೆಚ್ಚು ಕೇಳುತ್ತಿದ್ದರು. ಎಲ್ಲಿ ಕಡಿಯಬೇಕೆಂದು ಲೆಕ್ಕ ಹಾಕಿದಾಗಲೆಲ್ಲ ಕತ್ತರಿ ಮಾರ್ಗರೆಟ್ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅವಳೊಬ್ಬಳು ಹೋದರೆ ಎಂಟು ಸಾಲು ಕಡಿಮೆಯಾಗುತ್ತಿತ್ತು.

ಆ ವಾರವೇ ಅಕ್ಕಾರ ತಮ್ಮ ನನ್ನ ಶೆಡ್ಡಿಗೆ ಬಂದ. ಅಕ್ಕಾರು ಊಟಕ್ಕೆ ಮನೆಗೆ ಹೋಗಿದ್ದರು. ಒಳ್ಳೆಯ ಹುಡುಗ, ಬಂದಾಗಲೆಲ್ಲ ಹೊಳೆ ದಂಡೆಯ ಬದನೆಕಾಯಿ ತಂದುಕೊಡುತ್ತಿದ್ದ. ಈ ಸಲ ಬದನೆಕಾಯಿಯ ಜೊತೆ ಹೊಲದ ಉತಾರ, ಅಂದರೆ ಪಹಣಿ, ಇತ್ತು. ತಾಯಿ ಮೊದಲೇ ಹೋಗಿದ್ದರು, ತಂದೆ ತೀರಿ ಎರಡು ವರ್ಷವಾಗಿತ್ತು.

"ಅಕ್ಕನ ಕಡಿಂದ ಹಕ್ಕು ಬಿಡುಗಡಿ ಮಾಡಸೂದೈತ್ರಿ. ಹೊಲ ನನ್ನ ಒಬ್ಬನ ಹೆಸರಿಗೆ ಆದ್ರ ಚಲೋ. ಪಂಚಮಿಗೆ ಮೂರು ದಿನ ಮೊದಲ ಬರ್ತೇನಿ. ಸಹಿ ಮಾಡಿಸಿ, ಸೀರಿ ಕೊಟ್ಟು, ಹಬ್ಬಕ್ಕ ಕರಕೊಂಡ ಹೋಗತೇನಿ."

"ಅಕ್ಕಾರು ಹೂಂ ಅಂದಾರ?"

"ಅಕ್ಕ ಎಂದಾರ ನನಗ ಇಲ್ಲ ಅಂದಾಳೇನ್ರಿ?"

ನಮ್ಮ ಕಡೆ ಇದು ನಡೆದುಕೊಂಡು ಬಂದ ರೂಢಿ. ಅಕ್ಕ ತಂಗಿಯರು ಪಾಲು ಬಿಟ್ಟು ಸಹಿ ಮಾಡುತ್ತಾರೆ, ತವರಿನವರು ಪಂಚಮಿಗೆ ಬಂದು ಕರೆದುಕೊಂಡು ಹೋಗುತ್ತಾರೆ. ಕಾನೂನಿನಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕೇಳಿದವರೂ ಇದ್ದಾರೆ. ಆದರೆ ಕೇಳಿದವರ ಮನೆಗೆ ಪಂಚಮಿಯ ಕರೆ ನಿಂತುಹೋಗುವುದನ್ನು ನಾನೇ ಕಂಡಿದ್ದೇನೆ. ಇಂಥ ಪತ್ರಕ್ಕೆ ನನ್ನ ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇದೆ. ಅದರ ಜೀವ ಒಂದೇ ವಾಕ್ಯದಲ್ಲಿದೆ: "ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ."

ಅಕ್ಕಾರು ಊಟ ಮುಗಿಸಿ ಬಂದಾಗ ಉತಾರವನ್ನು ಅವರ ಕಡೆ ಸರಿಸಿ, "ನಿಮ್ಮ ತಮ್ಮ ಬಂದಿದ್ದ. ಆ ನಮೂನಿಯೊಳಗ ಹೆಸರು ಹಾಕಿಬಿಡ್ರಿ," ಅಂದೆ. ಬೇರೆ ಏನೂ ಹೇಳಲಿಲ್ಲ, ಕೇಳಲೂ ಇಲ್ಲ. ಅವರದೇ ಪತ್ರವನ್ನು ಅವರ ಕೈಯಲ್ಲೇ ಟೈಪ್ ಮಾಡಿಸುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ. ಅವರು ಉತಾರ ಓದಿ, ಮಡಚಿ, ಕೀಲಿಮಣೆಯ ಕೆಳಗೆ ಇಟ್ಟುಕೊಂಡರು. ಆ ದಿನ ಮಾರ್ಗರೆಟಳ ಸುದ್ದಿ ಎತ್ತಲಿಲ್ಲ.

ಸಾಹುಕಾರರು ಅಂತಿಮ ಬರಹಕ್ಕೆ ತಾವೇ ಖಾನಾಪುರಕ್ಕೆ ಬಂದರು. ನಾನು ಮಾರ್ಗರೆಟ್ ಇಲ್ಲದ ಹತ್ತೊಂಬತ್ತು ಸಾಲು ತಯಾರು ಮಾಡಿಟ್ಟಿದ್ದೆ. ಓದಿ ಹೇಳಲಿಕ್ಕೆ ಶುರುಮಾಡಿದೆ. ನಡು ಜೇಮ್ಸನ ಹತ್ತಿರ ಬಂದಾಗ ನಾಲಿಗೆ ತಡವರಿಸಿತು. ಧರ್ಮ, ನ್ಯಾಯ ಅಂತ ದೊಡ್ಡ ಮಾತು ಹೇಳುವುದಿಲ್ಲ. ತಡೆದದ್ದು ಕಸುಬಿನ ಚಟ. ವಂಶಾವಳಿಯಲ್ಲಿ ಒಂದು ಹೆಸರು ಬಿಟ್ಟು ಓದುವುದು ನನಗೆ ಬರುವುದೇ ಇಲ್ಲ.

"ಸಾಹುಕಾರ್ರ, ಇದು ಬಿದ್ದ ಹೋಗತೈತ್ರಿ," ಅಂದೆ.

"ಏನು? ಕಲ್ಲು?"

"ಪತ್ರ. ನಡು ಜೇಮ್ಸಗ ಅಕ್ಕ ಇದ್ಲು. ಅಕಿ ಹಕ್ಕು ಬಿಟ್ಟಿದ್ದಕ್ಕ ಎಲ್ಲೂ ಕಾಗದ ಇಲ್ಲ. ಅಕಿ ಹೆಸರ ಬಿಟ್ಟು ಮುಂದ ಬರದ್ರ, ಸಣ್ಣ ಜೇಮ್ಸನಿಂದ ಹಿಡದು ಎಲ್ಲಾ ಕಚ್ಚಾ."

ಸಾಹುಕಾರರ ಮುಖ ಸಣ್ಣದಾಯಿತು. ಜಾಗದ ವ್ಯವಹಾರದಲ್ಲಿ ಅವರು ಎರಡು ಸಲ ಕೈ ಸುಟ್ಟುಕೊಂಡವರು. "ಅಕಿ ವಾರಸದಾರರು ನನ್ನ ಕಾರ್ಯಾಲಯಕ್ಕ ತಕರಾರ ತಗೀತಾರೇನು?" ಎಂದು ಕೇಳಿದರು.

ಸಮುದ್ರದಾಚೆಯ ಕೋಟೆಯ ವಾರಸದಾರರು ಖಾನಾಪುರ ರಸ್ತೆಯ ಮಂಗಲ ಕಾರ್ಯಾಲಯಕ್ಕೆ ತಕರಾರು ತೆಗೆಯುವ ಕಾನೂನು ಭೂಮಿಯ ಮೇಲಿಲ್ಲ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. "ಹೆಸರ ಬರದಿಟ್ರ ಯಾರೂ ಬರೂದಿಲ್ರಿ," ಎಂದಷ್ಟೇ ಅಂದೆ.

"ಆದ್ರ ದೆವ್ವ?"

"ಅದು ದೆವ್ವ ಅಲ್ರಿ ಸಾಹುಕಾರ್ರ. ಪಾಲು ಸಿಗಲಾರದಾಕಿ. ಮನಿ ಉಳಿಸಿ ಕೊಟ್ಟು ಹೊರಗ ನಿಂತಾಕಿ. ಅದಕ್ಕ ಬಾಗಲಾ ಬಡೀತಾಳ. ದೆವ್ವ ಅನ್ನೂದ ಬ್ಯಾಡ, ತಕರಾರ ಅರ್ಜಿ ಅನ್ರಿ."

ಬಾಜುವಿನಲ್ಲಿ ಟೈಪಿನ ಸದ್ದು ನಿಂತಿತು. ಸಾಹುಕಾರರು ಹೂಂ ಅಂದರು. ಅಡುಗೆಮನೆಯ ಸಾಲನ್ನೂ ಔತಣವನ್ನೂ ಹೊಡೆದುಹಾಕಿ ಮಾರ್ಗರೆಟ್‌ಗೆ ಜಾಗ ಮಾಡಿದೆವು. ದೆವ್ವದ ಮಾತು ಎಲ್ಲೂ ಬರಲಿಲ್ಲ. ಅಂಗಿ ಒಣಗಹಾಕಿದ್ದಕ್ಕೆ ನಾಲ್ಕು ಸಾಲು ಸಿಕ್ಕಿತು. ಕೊನೆಯ ಸಾಲು ಹೀಗಿತ್ತು: "ಸದರಿ ಮಾರ್ಗರೆಟ್ ಇವರ ಹಕ್ಕು ಯಾವ ಪತ್ರದಿಂದಲೂ ಬಿಡುಗಡೆಯಾಗಿರುವುದಿಲ್ಲ."

ಸಾಹುಕಾರರು ಹೋದ ಮೇಲೆ ಅಕ್ಕಾರು ಎದ್ದು ಬಂದು ಒಂದು ಹಾಳೆ ನನ್ನ ಮುಂದೆ ಇಟ್ಟರು. ಅವರದೇ ಹಕ್ಕು ಬಿಡುಗಡೆ ಪತ್ರ. ಹೆಸರು, ವಂಶಾವಳಿ, ಚತುಃಸೀಮೆ ಎಲ್ಲ ಸರಿಯಾಗಿತ್ತು. ನಡುವೆ ಒಂದು ಸಾಲಿನಷ್ಟು ಜಾಗ ಖಾಲಿ.

"ಆ ಮಾತ ನೀವ ಬರೀರಿ ಸರ್ರ," ಅಂದರು. "ನಿಮಗ ಖರೇ ಅನಿಸಿದ್ರ."

ನಾನು ಪೆನ್ನಿನ ಟೋಪಿ ತೆಗೆದೆ. ಹಾಕಿದೆ. ಮತ್ತೆ ತೆಗೆದೆ. ಸಾವಿರ ಸಲ ಬರೆದ ವಾಕ್ಯ, ಕಣ್ಣು ಮುಚ್ಚಿ ಬರೆಯಬಲ್ಲೆ. ಬರೆಯಲಿಕ್ಕಾಗಲಿಲ್ಲ. ಹಾಳೆಯನ್ನು ಹಾಗೆಯೇ ಫೈಲಿನಲ್ಲಿ ಇಟ್ಟೆ.

ಪಂಚಮಿಗೆ ಮೂರು ದಿನ ಮೊದಲು ತಮ್ಮ ಬಂದ. ಒಂದು ಕೈಯಲ್ಲಿ ನೋಂದಣಿಯ ಟೋಕನ್, ಇನ್ನೊಂದು ಕೈಯಲ್ಲಿ ಸೀರೆಯ ಚೀಲ. ಫೈಲು ತೆಗೆದು ಖಾಲಿ ಸಾಲು ತೋರಿಸಿದೆ.

"ಇದ್ಯಾಕ್ರಿ ಬಿಟ್ಟೀರಿ?"

"ಬರಿಯಾಕ ಬರವಲ್ದಪಾ," ಅಂದೆ.

ಅವನು ಅಕ್ಕನ ಕಡೆ ತಿರುಗಿದ. ಅಕ್ಕಾರು ಕುರ್ಚಿಯಿಂದ ಏಳಲಿಲ್ಲ. ಧ್ವನಿಯೂ ಏರಲಿಲ್ಲ.

"ಹನ್ನೊಂದ ವರ್ಷ ಆತು, ಸ್ವಸಂತೋಷದಿಂದ ಅಂತ ಟೈಪ್ ಮಾಡಾಕತ್ತೇನಿ. ಸಹಿ ಮಾಡಾಕ ಬಂದ ಒಬ್ಬಾಕಿ ಮಾರಿ ಮ್ಯಾಲೂ ಅದನ್ನ ನೋಡಿಲ್ಲ. ಅವ್ವ ಹಾಸಗಿ ಹಿಡದಾಗ ಮೂರು ವರ್ಷ ಹೊಲದ ಕೆಲಸ ಯಾರು ನಡಸಿದ್ರು ಅಂತ ನಿನಗ ನೆಪ್ಪೈತಲ್ಲಾ? ನನಗ ಎಲ್ಲಾ ಬ್ಯಾಡ. ಹೊಳಿ ದಂಡಿ ಕಡೇದು, ಅವ್ವ ಹಚ್ಚಿದ ಮಾವಿನ ಗಿಡ ಇದ್ದ ತುಕಡಿ ಕೊಡು."

"ಜನ ಏನಂತಾರ, ಅಕ್ಕ?"

"ಜನ ಸಹಿ ಮಾಡೂದಿಲ್ಲ. ನಾ ಮಾಡಬೇಕು."

ತಮ್ಮ ಟೋಕನನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೊರಟ. ಸೀರೆಯ ಚೀಲ ಬಿಡಲಿಲ್ಲ. ಪಂಚಮಿಯ ದಿನ ಅಕ್ಕಾರಿಗೆ ಕರೆ ಬರಲಿಲ್ಲ. ಮರುದಿನ ಕೆಲಸಕ್ಕೆ ಬಂದಾಗ ಡಬ್ಬಿಯಲ್ಲಿ ತಾವೇ ಕಟ್ಟಿದ ಶೇಂಗಾ ಉಂಡಿ, ತಂಬಿಟ್ಟು ತಂದಿದ್ದರು. ನನಗೆ ಎರಡು ಕೊಟ್ಟರು. ನನ್ನ ಕಸುಬಿನ ಚಟಕ್ಕೆ ಒಬ್ಬರ ತವರಿನ ಬಾಗಿಲು ಮುಚ್ಚಿತಲ್ಲ ಎಂದು ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಶ್ರಾವಣದಲ್ಲೇ ಕಾರ್ಯಾಲಯದ ಉದ್ಘಾಟನೆಯಾಯಿತು. ಸುತ್ತಿನ ಹಳ್ಳಿಗಳಿಗೆಲ್ಲ ಊಟದ ಕರೆ. ಸ್ಕಾಟ್ಲೆಂಡಿನ ಗೋಪುರಕ್ಕೆ ಮಾವಿನ ತೋರಣ, ಬಾಗಿಲ ಮೇಲೆ ಗಣಪತಿ, ಕಬ್ಬಿಣದ ಶಟರಿಗೆ ಅರಿಶಿಣ ಕುಂಕುಮ. ಜನ ಫಲಕದ ಮುಂದೆ ನಿಂತು, ಉತಾರ ಓದುವ ಹಾಗೆ ಗಂಭೀರವಾಗಿ ಓದಿದರು. ಯಾರೂ ನಗಲಿಲ್ಲ. ಒಬ್ಬ ಅಜ್ಜ ನನ್ನ ತೋಳು ಹಿಡಿದು, "ಎಲ್ಲಾ ಚಲೋ ಐತಿ. ಸರ್ವೆ ನಂಬರ್ ಯಾಕ ಹಾಕಿಲ್ಲ?" ಎಂದು ಕೇಳಿದ. ಊಟದ ಸಾಲಿನಿಂದ ಹೊರಬರುವಾಗ ನೋಡಿದೆ, ಅಕ್ಕಾರ ತಮ್ಮ ಫಲಕದ ಮುಂದೆ ಒಬ್ಬನೇ ನಿಂತಿದ್ದ. ನಾನು ದೂರ ಸರಿದುಬಿಟ್ಟೆ.

ನಾಲ್ಕು ದಿನ ಬಿಟ್ಟು, ಅಕ್ಕಾರು ಊಟಕ್ಕೆ ಹೋದ ಹೊತ್ತು ನೋಡಿಕೊಂಡೇ ಶೆಡ್ಡಿಗೆ ಬಂದ.

"ಆ ಕ್ವಾಟಿ ಅಕ್ಕಗ ಕಡೀಕ ಏನರ ಸಿಕ್ತೇನ್ರಿ?"

"ಇಲ್ಲ."

"ಸಾಹುಕಾರ್ರ ಡ್ರೈವರ್ ಹೇಳ್ತಿದ್ದ. ಅಕಿ ಇನ್ನೂ ಹಸರ ಸೀರಿ ಉಟಗೊಂಡು ಬಾಗಲಾ ಬಡೀತಾಳಂತ. ಖರೇನೇನ್ರಿ?"

"ಪುಸ್ತಕದಾಗ ಹಂಗ ಐತಿ."

ಅವನು ಕುಳಿತು, ಟೋಪಿ ತೆಗೆದು, ಅದರ ಅಂಚು ತಿರುವಿದ. "ನಮ್ಮಕ್ಕ ಈಗ ಬಂದು ಬಾಗಲಾ ಬಡದ್ರ ಎದ್ದು ತಗಿಯಾಕ ನಾ ಅದೇನಿ. ಸತ್ತ ಮ್ಯಾಲ ಬಡದ್ರ ಯಾರು ತಗೀಬೇಕ್ರಿ? ನನ್ನ ಮಗಾ ಮೊದಲ ಅಂಜುಬುರಕ." ಟೋಪಿ ಮತ್ತೆ ಹಾಕಿಕೊಂಡು ಅಂದ, "ಪಂಚಮಿ ದಿನ ಮನ್ಯಾಗ ಜೋಕಾಲಿ ಕಟ್ಟಿದ್ದೆ. ಅಕ್ಕ ಇಲ್ದ ಯಾರೂ ಕುಂದರಲಿಲ್ಲ. ವಾಟ್ನಿ ಪತ್ರ ಬರೀರಿ. ಮಾವಿನ ಗಿಡದ ತುಕಡಿ ಅಕ್ಕನ ಹೆಸರಿಗೆ."

ಅಕ್ಕಾರು ಬಂದಾಗ ಅವನು ಅಲ್ಲೇ ಇದ್ದ. ನಾನು ಹೇಳುತ್ತಾ ಹೋದೆ, ಅಕ್ಕಾರು ಟೈಪ್ ಮಾಡುತ್ತಾ ಹೋದರು. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ತಮ್ಮನ ಹೊಲ. ಆ ವಾಕ್ಯದ ಹತ್ತಿರ ಬಂದಾಗ ಅವರು ಕೈ ನಿಲ್ಲಿಸಿ ತಮ್ಮನ ಮುಖ ನೋಡಿದರು.

"ಸ್ವಸಂತೋಷದಿಂದ ಅಂತ ಹಾಕಲೇನು?"

"ಅರ್ಧಾ ಸಂತೋಷ ಅಂತ ಹಾಕು, ಅಕ್ಕ. ಉಳದದ್ದು ಮುಂದ ನೋಡೂಣು."

"ಅರ್ಧಕ್ಕ ರಜಿಸ್ಟ್ರಾರ್ ಸಾಹೇಬ್ರು ಒಪ್ಪೂದಿಲ್ಲ," ಅಂದೆ ನಾನು. ಅಕ್ಕಾರು ಮೊದಲು ನಕ್ಕರು, ಆಮೇಲೆ ಅವನೂ. ಅಕ್ಕಾರು ಪೂರ್ತಿ ಸಂತೋಷವನ್ನೇ ಟೈಪ್ ಮಾಡಿದರು.

ನೋಂದಣಿ ಮುಗಿಸಿ ಹೊರಗೆ ಬಂದಾಗ ತಮ್ಮ ಆ ಹಳೆಯ ಚೀಲವನ್ನೇ ಮುಂದೆ ಹಿಡಿದ. ಇಷ್ಟು ದಿನ ಸೈಕಲ್ ಮೋಟರಿನ ಡಿಕ್ಕಿಯಲ್ಲೇ ಇತ್ತಂತೆ, ಮೂಲೆ ಮುದುಡಿತ್ತು. ಅಕ್ಕಾರು ಅಲ್ಲೇ ಮೆಟ್ಟಿಲ ಮೇಲೆ ನಿಂತು ಬಿಚ್ಚಿದರು. ಇಳಕಲ್ ಸೀರೆ. ಬಣ್ಣ ಹಸಿರು.

ತಮ್ಮ ಗಡಬಡಿಸಿ ಸೀರೆಗೆ ಕೈ ಚಾಚಿದ. "ಅಕ್ಕ, ಆ ಕ್ವಾಟಿ ಅಕ್ಕನ ಹಸರ ಸೀರಿ ಸುದ್ದಿ ಕೇಳೂಕಿಂತ ಮೊದಲ ನಾ ಇದನ್ನ ತಗೊಂಡಿದ್ದೆ," ಅಂದ.

ಅಕ್ಕಾರು ಸೀರೆಯನ್ನು ಮಡಚಿ ಎದೆಗೆ ಒತ್ತಿಕೊಂಡರು. "ರವಿವಾರ ಇದನ್ನ ಉಟಗೊಂಡು ಬರ್ತೇನಿ," ಅಂದರು. "ಹಗಲೇ ಬರ್ತೇನಿ. ಬಾಗಲಾ ತಗದು ಇಡು."